ಟರ್ಬೊ ನಿಂತಿರುವುದು ಆಯಿಲ್ ಮೇಲೆ

ಸಕಲೇಶಪುರದ ಗ್ಯಾರೇಜಿನಲ್ಲಿ ಭಾಯ್ ನನ್ನ ಅಂಗೈಗೆ ಒಂದು ಬೋಲ್ಟ್ ಹಾಕಿ, "ಊದಿ ನೋಡಿ ಸಾರ್" ಅಂದರು. ಕಿರುಬೆರಳಿನ ಎರಡು ಗೆಣ್ಣಿನಷ್ಟು ಉದ್ದ. ಒಳಗೆ ಟೊಳ್ಳು, ಪಕ್ಕದಲ್ಲೊಂದು ತೂತು. ಒರೆಸಿ ತುಟಿಗಿಟ್ಟು ಊದಿದೆ. ಕೆನ್ನೆ ಉಬ್ಬಿತೇ ಹೊರತು ಗಾಳಿ ಆಚೆ ಬರಲಿಲ್ಲ. ಭಾಯ್ ಹಳೇ ಕ್ಲಚ್ ಕೇಬಲ್ಲಿನಿಂದ ಒಂದು ಎಳೆ ತಂತಿ ಕಿತ್ತು ತೂತಿನೊಳಗೆ ಆಡಿಸಿದರು. ತಳ ಹಿಡಿದ ಹಾಲಿನ ಪಾತ್ರೆ ಕೆರೆದಾಗ ಬರುತ್ತದಲ್ಲ, ಹಾಗೆ ಕಪ್ಪು ಚಕ್ಕೆಗಳು ಉದುರಿದವು.

"ನಿಮ್ಮ ಟರ್ಬೊ ತಿಂದಿದ್ದು ಇದು. ಹೋದ ಸಲ ಹಾಕಿದೋರು ಟರ್ಬೊ ಒಂದೇ ಬದಲಾಯಿಸವ್ರೆ, ಇದನ್ನ ಮುಟ್ಟೇ ಇಲ್ಲ."

ಹೋದ ಸಲ ಅಂದರೆ ಆರೇ ವಾರದ ಹಿಂದೆ. ನನ್ನದು ಸೆಕೆಂಡ್‌ಹ್ಯಾಂಡ್ ಡೀಸೆಲ್ ಕಾರು. ಬೇರೆ ಊರಿನ ಗ್ಯಾರೇಜಿನಲ್ಲಿ ಹೊಸ ಟರ್ಬೊ ಹಾಕಿಸಿ, ಬಿಲ್ಲು ನೋಡಿ ನಿಟ್ಟುಸಿರು ಬಿಟ್ಟು, ಇನ್ನು ನಾಲ್ಕು ವರ್ಷ ಚಿಂತೆ ಇಲ್ಲ ಅಂದುಕೊಂಡಿದ್ದೆ. ಮಂಗಳೂರಿನಿಂದ ವಾಪಸು ಬರುವಾಗ, ಗುಂಡ್ಯ ದಾಟಿ ಶಿರಾಡಿ ಹತ್ತುತ್ತಿದ್ದಂತೆ ಮೊದಲು ಸಣ್ಣಗೆ ಸೈರನ್ನಿನಂಥ ಕೂಗು, ಆಮೇಲೆ ಪಿಕಪ್ ಮಾಯ, ಕನ್ನಡಿಯಲ್ಲಿ ನೀಲಿ ಹೊಗೆ. ಕಾರನ್ನು ಎಳೆಸಿಕೊಂಡು ಸಕಲೇಶಪುರ ಸೇರಿದೆ. ದೊಡ್ಡ ದುಡ್ಡಿನ ಟರ್ಬೊವನ್ನು ಕೊಂದದ್ದು ಚಿಲ್ಲರೆ ಕಾಸಿನ ಬೋಲ್ಟು. ಗ್ಯಾರೇಜಿನವರು ಇದನ್ನು ಬ್ಯಾಂಜೊ ಬೋಲ್ಟ್ ಅನ್ನುತ್ತಾರೆ. ಎಂಜಿನ್ನಿನಿಂದ ಟರ್ಬೊಗೆ ಆಯಿಲ್ ಹೋಗುವುದು ಇದರ ಹೊಟ್ಟೆಯೊಳಗಿಂದಲೇ.

ಟರ್ಬೊ ಅಂದರೆ ನಮಗೆ ನೆನಪಾಗುವುದು ಗಾಳಿ, ವೇಗ, ಡಿಕ್ಕಿಯ ಮೇಲಿನ ಸ್ಟಿಕ್ಕರ್. ಆವತ್ತಿನಿಂದ ನನಗೆ ನೆನಪಾಗುವುದು ಆ ಬೋಲ್ಟು.

ಗಾಳಿಯ ಕಥೆ ಮೊದಲು ಮುಗಿಸಿಬಿಡೋಣ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ಸುಮಾರು 14.7 ಕಿಲೋ ಗಾಳಿ ಬೇಕು. ಮನೆಯ ಮೇಲಿನ ಸಾವಿರ ಲೀಟರಿನ ನೀರಿನ ಟ್ಯಾಂಕು ಇದೆಯಲ್ಲ, ಅಂಥ ಹನ್ನೆರಡು ಟ್ಯಾಂಕಿನಷ್ಟು ಗಾಳಿ. ಡೀಸೆಲ್ ಎಂಜಿನ್ನಿಗೆ ಇನ್ನೂ ಹೆಚ್ಚು ಬೇಕು. ಡೀಸೆಲ್ಲನ್ನೋ ಪೆಟ್ರೋಲನ್ನೋ ಪಂಪಿನಿಂದ ಎಷ್ಟು ಬೇಕಾದರೂ ಒಳಗೆ ತಳ್ಳಬಹುದು. ಗಾಳಿಯನ್ನು ಮಾತ್ರ ಪಿಸ್ಟನ್ ತಾನೇ ಎಳೆದುಕೊಳ್ಳಬೇಕು, ಸಿಲಿಂಡರಿನಲ್ಲಿ ಜಾಗ ಇರುವಷ್ಟೇ ಎಳೆದುಕೊಳ್ಳಲು ಸಾಧ್ಯ. ಎಂಜಿನ್ನಿನ ಶಕ್ತಿಗೆ ಮಿತಿ ಹಾಕುವುದು ಈ ಉಸಿರು. ಬೆಟ್ಟ ಹತ್ತಿದರೆ ಅದೂ ಕಡಿಮೆ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಮೇಲೆ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಐದನೇ ಒಂದು ಭಾಗದಷ್ಟು ಕಡಿಮೆ ಇರುತ್ತದೆ.

ಇನ್ನೊಂದು ಕಡೆ, ನಾವು ಹಾಕಿಸಿದ ಇಂಧನದ ಶಾಖದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಸೈಲೆನ್ಸರ್ ಮೂಲಕ ಆಕಾಶಕ್ಕೆ ಹೋಗುತ್ತದೆ. ಹಾಗೆ ಹೋಗುವ ಬಿಸಿ ಹೊಗೆಯನ್ನೇ ಒಂದು ಚಕ್ರಕ್ಕೆ ಹೊಡೆಸಿ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಒಳಗೆ ತುಂಬಿದರೆ ಹೇಗೆ? ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಈ ಯೋಚನೆಗೆ ಪೇಟೆಂಟ್ ಪಡೆದದ್ದು 1905ರಲ್ಲಿ. ಅದು ಅಂದುಕೊಂಡ ಹಾಗೆ ಕೆಲಸ ಮಾಡಿದ್ದು 1925ರ ಹೊತ್ತಿಗೆ, ಎಂಜಿನ್ನಿನ ಶಕ್ತಿ ಶೇ. 40ರಷ್ಟು ಏರಿದಾಗ. ಅಷ್ಟರೊಳಗೆ ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ 1918ರಲ್ಲಿ ಲಿಬರ್ಟಿ ಎಂಬ ವಿಮಾನದ ಎಂಜಿನ್ನನ್ನು ಕೊಲರಾಡೊದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ, 14,000 ಅಡಿ ಎತ್ತರಕ್ಕೆ, ಹೊತ್ತೊಯ್ದಿದ್ದರು. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಮೇಲೆ 230ಕ್ಕೆ ಇಳಿದಿತ್ತು. ಟರ್ಬೊ ಕಟ್ಟಿದ ಮೇಲೆ 356 ಕೊಟ್ಟಿತು. ಘಾಟಿಯಲ್ಲಿ ಓಡಾಡುವವರಿಗೆ ಟರ್ಬೊ ಯಾಕೆ ಬೇಕು ಅನ್ನುವುದಕ್ಕೆ ಬೇರೆ ಲೆಕ್ಕ ಬೇಡ.

ಉಳಿದ ಭಾಗಗಳು ಈ ಎರಡು ಚಕ್ರಗಳ ಸುತ್ತ ಕಟ್ಟಿಕೊಂಡವು. ಎರಡೂ ಬಸವನಹುಳುವಿನ ಚಿಪ್ಪಿನಂಥ ಎರಡು ಮನೆಗಳಲ್ಲಿ ಕೂತಿರುತ್ತವೆ. ಸೈಕಲ್ ಪಂಪು ಒತ್ತಿದರೆ ಬುಡ ಬಿಸಿಯಾಗುವಂತೆ ಒತ್ತಿದ ಗಾಳಿಯೂ ಕಾಯುತ್ತದೆ, 100 ಡಿಗ್ರಿ ಸೆಲ್ಸಿಯಸ್ ದಾಟಿಬಿಡುತ್ತದೆ. ಕಾದ ಗಾಳಿ ತೆಳು. ಅದಕ್ಕೇ ಮುಂದೆ ರೇಡಿಯೇಟರಿನಂಥ ಇಂಟರ್‌ಕೂಲರ್. ಗಾಳಿ ಅತಿಯಾಗದಂತೆ ಹೊಗೆಯನ್ನು ಪಕ್ಕದ ದಾರಿಯಲ್ಲಿ ಬಿಡುವ ಬಾಗಿಲು ವೇಸ್ಟ್‌ಗೇಟ್. ಈಗಿನ ಎಷ್ಟೋ ಡೀಸೆಲ್‌ಗಳಲ್ಲಿ ಬಾಗಿಲಿನ ಬದಲು ಚಕ್ರದ ಸುತ್ತ ನಿಂತಲ್ಲೇ ಓರೆಯಾಗುವ ರೆಕ್ಕೆಗಳಿರುತ್ತವೆ. ಸದಾ ಊರೊಳಗೇ ಮೆಲ್ಲಗೆ ಓಡಿದರೆ ಮಸಿ ಹಿಡಿದು ಆ ರೆಕ್ಕೆಗಳು ಅಂಟಿಕೊಳ್ಳುವುದುಂಟು.

ಇನ್ನು ನಡುವಿನ ಶಾಫ್ಟು. ನನ್ನ ಪ್ರಕಾರ ಟರ್ಬೊ ಅಂದರೆ ಇದೇ.

ಕಾರಿನ ಎಂಜಿನ್ ಅಬ್ಬರಿಸುವಾಗಲೂ ನಿಮಿಷಕ್ಕೆ ಐದಾರು ಸಾವಿರ ಸುತ್ತು. ಸಣ್ಣ ಕಾರಿನ ಟರ್ಬೊ ನಿಮಿಷಕ್ಕೆ ಎರಡು ಲಕ್ಷ ಸುತ್ತು ತಿರುಗುತ್ತದೆ. ಸೆಕೆಂಡಿಗೆ 3,300ಕ್ಕೂ ಹೆಚ್ಚು. 45 ಮಿಲಿಮೀಟರ್ ಅಗಲದ ಚಕ್ರವೊಂದು ಈ ವೇಗದಲ್ಲಿ ತಿರುಗಿದರೆ ಅದರ ಅಂಚು ಸೆಕೆಂಡಿಗೆ 470 ಮೀಟರ್ ಓಡುತ್ತಿರುತ್ತದೆ, ಶಬ್ದಕ್ಕಿಂತ ಜೋರಾಗಿ. ಜೊತೆಗೆ ಬೆಂಕಿ. ಡೀಸೆಲ್ ಎಂಜಿನ್ನಿನ ಹೊಗೆ 800 ಡಿಗ್ರಿಯ ಆಸುಪಾಸು ಇದ್ದರೆ ಪೆಟ್ರೋಲಿನದು 1,000 ಡಿಗ್ರಿ ಮುಟ್ಟುತ್ತದೆ. ಅದಕ್ಕೇ ಹೊಗೆಯ ಕಡೆಯ ಚಕ್ರ ನಿಕ್ಕಲ್ ಮಿಶ್ರಲೋಹದ್ದು, ಗಾಳಿಯ ಕಡೆಯದು ಅಲ್ಯೂಮಿನಿಯಂ. ಎರಡರ ನಡುವೆ ಇರುವುದು ಕೆಲವೇ ಬೆರಳಿನ ಅಂತರ.

ಇಂಥ ಶಾಫ್ಟನ್ನು ಯಾವುದರ ಮೇಲೆ ಕೂರಿಸುವುದು? ಹೆಚ್ಚಿನ ಟರ್ಬೊಗಳಲ್ಲಿ ಬಾಲ್ ಬೇರಿಂಗ್ ಇಲ್ಲ. ಇರುವುದು ಹಿತ್ತಾಳೆ ಬಣ್ಣದ, ಉಂಗುರದಂಥ ಎರಡು ಬುಷ್‌ಗಳು, ಸುತ್ತ ಸಣ್ಣ ಸಣ್ಣ ತೂತು. ಬುಷ್ಷನ್ನು ಎಲ್ಲೂ ಬಿಗಿದಿರುವುದಿಲ್ಲ. ಶಾಫ್ಟಿಗೂ ಬುಷ್ಷಿಗೂ ನಡುವೆ ಒಂದು ಆಯಿಲ್ ಪದರ, ಬುಷ್ಷಿಗೂ ಹೊರಗಿನ ಗೋಡೆಗೂ ನಡುವೆ ಇನ್ನೊಂದು. ಶಾಫ್ಟ್ ತಿರುಗಿದಾಗ ಬುಷ್ಷೂ ಅದರ ಹಿಂದೆ ನಿಧಾನಕ್ಕೆ ತಿರುಗುತ್ತದೆ. ಹಾಗಾಗಿ ವೇಗ ಎರಡು ಪದರಗಳ ನಡುವೆ ಹಂಚಿಹೋಗುತ್ತದೆ, ಅದುರಾಟವನ್ನು ಹೊರಗಿನ ಪದರ ನುಂಗಿಕೊಳ್ಳುತ್ತದೆ. ಸರಿಯಾಗಿ ನಡೆಯುತ್ತಿರುವ ಟರ್ಬೊದಲ್ಲಿ ಲೋಹಕ್ಕೆ ಲೋಹ ತಾಗುವುದೇ ಇಲ್ಲ. ಶಾಫ್ಟು ತೇಲುತ್ತಿರುತ್ತದೆ. ಎಷ್ಟು ಆಯಿಲ್ ಮೇಲೆ? ಮಿಲಿಮೀಟರಿನ ನೂರರಲ್ಲಿ ಕೆಲವು ಪಾಲಿನಷ್ಟು, ತಲೆಗೂದಲಿನ ದಪ್ಪಕ್ಕೂ ಕಡಿಮೆ. ಆ ಸಂದಿಗೆ ಕೊಳಕು ಆಯಿಲಿನ ಒಂದು ಕಣ ಹೊಕ್ಕರೂ ಬುಷ್ಷಿನ ಮೇಲೆ ಗೀರು ಬೀಳುತ್ತದೆ.

ಬಿಚ್ಚಿದ ಟರ್ಬೊವನ್ನು ಕೈಗೆ ಕೊಟ್ಟು, ಶಾಫ್ಟನ್ನು ಅಲ್ಲಾಡಿಸಿ "ನೋಡಿ, ಪ್ಲೇ ಬಂದಿದೆ, ಹೋಯ್ತು" ಅನ್ನುವ ಮೆಕ್ಯಾನಿಕ್ಕುಗಳಿದ್ದಾರೆ. ಕೂಡಲೇ ಒಪ್ಪಬೇಡಿ. ಆಯಿಲ್ ಇಲ್ಲದ ಬುಷ್ಷಿನಲ್ಲಿ ಶಾಫ್ಟು ಮೇಲೆ ಕೆಳಗೆ ಸ್ವಲ್ಪ ಆಡುವುದು ಸಹಜ, ಆ ಸಂದಿ ಆಯಿಲಿಗೆಂದೇ ಬಿಟ್ಟಿರುವ ಜಾಗ. ಚಕ್ರದ ರೆಕ್ಕೆ ಮನೆಯ ಗೋಡೆಗೆ ತಾಗಿ ಗೀರಿದ್ದರೆ, ಅಥವಾ ಶಾಫ್ಟನ್ನು ಒಳಕ್ಕೆ ಹೊರಕ್ಕೆ ತಳ್ಳಿದಾಗ ಕೈಗೆ ಗೊತ್ತಾಗುವಷ್ಟು ಜರುಗಿದರೆ ಮಾತ್ರ ಅವರ ಮಾತು ನಿಜ. ಹಾಗೆ ಜರುಗದಂತೆ ತಡೆಯಲು ಥ್ರಸ್ಟ್ ಬೇರಿಂಗ್ ಅನ್ನುವ ಒಂದು ಬಿಲ್ಲೆ ಇದೆ. ಆಯಿಲ್ ಕೊರತೆಯಾದರೆ ಬೇಗ ಸವೆಯುವವುಗಳಲ್ಲಿ ಅದೂ ಒಂದು. ನನ್ನ ಟರ್ಬೊದಲ್ಲಿ ಆ ಬಿಲ್ಲೆ ಬ್ಲೇಡಿನಷ್ಟು ತೆಳುವಾಗಿತ್ತು, ಶಾಫ್ಟು ಬೆಂದು ನವಿಲುಗರಿಯ ನೀಲಿಗೆ ತಿರುಗಿತ್ತು. ನೀಲಿ ಬಣ್ಣ ಕಂಡರೆ ಆಯಿಲ್ ತಲುಪಿಲ್ಲ ಎಂದರ್ಥ, ಗೀರು ಕಂಡರೆ ತಲುಪಿದ ಆಯಿಲ್ ಕೊಳಕು ಎಂದರ್ಥ. ಹಳೇ ಟರ್ಬೊವನ್ನು ಗುಜರಿಗೆ ಹಾಕುವ ಮುಂಚೆ ಬಿಚ್ಚಿಸಿ ನೋಡಬೇಕು ಅನ್ನುವುದು ಇದಕ್ಕೇ.

ಎಂಜಿನ್ನಿನ ಆಯಿಲ್ ಪಂಪು ತಳದ ಚೇಂಬರಿನಿಂದ ಆಯಿಲ್ ಎತ್ತಿ, ಫಿಲ್ಟರಿನಲ್ಲಿ ಸೋಸಿ, ಒಂದು ಸಣ್ಣ ಪೈಪಿನಲ್ಲಿ ಟರ್ಬೊದ ನೆತ್ತಿಗೆ ಕಳಿಸುತ್ತದೆ. ಅಲ್ಲಿ ಶಾಫ್ಟನ್ನು ತೇಲಿಸಿ, ಅದರ ಕಾವನ್ನು ಹೊತ್ತು ಕೆಳಗಿಳಿಯುವ ಆಯಿಲಿಗೆ ವಾಪಸು ಬರಲು ಯಾವ ಪಂಪೂ ಇಲ್ಲ. ಮಜ್ಜಿಗೆ ಕಡೆದ ಹಾಗೆ ನೊರೆನೊರೆಯಾಗಿ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಅದಕ್ಕೇ ಹೋಗುವ ಪೈಪು ಪೆನ್ಸಿಲಿನಷ್ಟು ಸಣ್ಣ, ಬರುವ ಪೈಪು ಹೆಬ್ಬೆರಳಿನಷ್ಟು ದಪ್ಪ. ಆ ದಪ್ಪ ಪೈಪು ಎಲ್ಲಾದರೂ ಮಡಚಿದ್ದರೆ, ಒಳಗೆ ಕರಿ ಕಟ್ಟಿದ್ದರೆ, ಆಯಿಲ್ ಟರ್ಬೊದಲ್ಲೇ ನಿಂತು ಎರಡೂ ತುದಿಗಳಿಂದ ಸೋರತೊಡಗುತ್ತದೆ.

"ಆಯಿಲ್ ಸೀಲ್ ಹೋಗಿರ್ಬೇಕು, ಸೀಲ್ ಹಾಕ್ಬಿಡಿ" ಅನ್ನುವುದು ವಾಡಿಕೆ. ಆದರೆ ಟರ್ಬೊದಲ್ಲಿ ರಬ್ಬರ್ ಸೀಲ್ ಇರುವುದಿಲ್ಲ, ಆ ಕಾವಿಗೆ ಅದು ಕರಗಿಹೋದೀತು. ಇರುವುದು ಪಿಸ್ಟನ್ ರಿಂಗಿನಂಥ ಸಣ್ಣ ಲೋಹದ ರಿಂಗ್. ಹೊರಗಿನ ಗಾಳಿ ಮತ್ತು ಹೊಗೆಯ ಒತ್ತಡವೇ ಆಯಿಲನ್ನು ಒಳಗೆ ತಡೆದಿಡುತ್ತದೆ. ಆ ಒತ್ತಡದ ಲೆಕ್ಕ ತಪ್ಪಿದರೆ ಹೊಚ್ಚಹೊಸ ಟರ್ಬೊ ಕೂಡ ಆಯಿಲ್ ಕಾರುತ್ತದೆ. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿದ್ದರೆ ಗಾಳಿಯ ಕಡೆಯ ಚಕ್ರ ಆಯಿಲನ್ನೇ ಎಳೆದುಕೊಳ್ಳುತ್ತದೆ. ಎಂಜಿನ್ನಿನ ಬ್ರೀದರ್ ಪೈಪು ಮುಚ್ಚಿದ್ದರೆ ಚೇಂಬರಿನಲ್ಲಿ ಒತ್ತಡ ಏರಿ ಆಯಿಲ್ ಇಳಿಯುವುದೇ ಇಲ್ಲ. "ಇರ್ಲಿ" ಅಂತ ಅರ್ಧ ಲೀಟರ್ ಜಾಸ್ತಿ ಆಯಿಲ್ ಹಾಕಿಸಿಕೊಳ್ಳುವವರಿದ್ದಾರೆ, ಅದರಿಂದಲೂ ವಾಪಸಿನ ದಾರಿಗೆ ಅಡ್ಡಿಯಾಗಬಹುದು. ಆಯಿಲ್ ವಿಷಯದಲ್ಲಿ ಧಾರಾಳತನ ಬೇಡ, ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಯೇ ಕೊನೆ. (ನಾನು ಬೇಕೆಂದೇ ಆಯಿಲ್ ಅನ್ನುತ್ತಿದ್ದೇನೆ. ಎಣ್ಣೆ ಅಂದರೆ ಗ್ಯಾರೇಜಿನಲ್ಲಿ ಸಂಜೆಯ ವಿಷಯ.)

ಇನ್ನು ಆ ಬೋಲ್ಟಿನಲ್ಲಿ ಕರಿ ಕಟ್ಟಿದ್ದು ಹೇಗೆ? ಘಾಟಿ ಹತ್ತಿ ಬಂದ ಕೂಡಲೇ ಟೀ ಅಂಗಡಿ ಕಂಡು ಕಾರು ನಿಲ್ಲಿಸಿ ಕೀ ತಿರುಗಿಸಿಬಿಡುತ್ತೇವೆ. ಎಂಜಿನ್ ನಿಂತಿತು, ಆಯಿಲ್ ಪಂಪೂ ನಿಂತಿತು. ಟರ್ಬೊ ಮಾತ್ರ ಇನ್ನೂ ತಿರುಗುತ್ತಿರುತ್ತದೆ, ಕೆಂಪಗೆ ಕಾದ ಚಕ್ರದ ಕಾವು ಶಾಫ್ಟಿನುದ್ದಕ್ಕೂ ಹರಿಯುತ್ತದೆ. ಆ ಕಾವನ್ನು ಹೊತ್ತೊಯ್ಯಲು ಹೊಸ ಆಯಿಲ್ ಬರುವುದಿಲ್ಲ. ಅಲ್ಲೇ ಉಳಿದ ನಾಲ್ಕು ಹನಿ ಕಾವಲಿಯ ಮೇಲೆ ಮರೆತ ಎಣ್ಣೆಯಂತೆ ಸೀದು ಗಟ್ಟಿಯಾಗುತ್ತದೆ. ಒಂದು ಸಲಕ್ಕೆ ಏನೂ ಆಗುವುದಿಲ್ಲ. ನೂರಾರು ಟೀ ಆದಮೇಲೆ ದಾರಿ ಮುಚ್ಚುತ್ತದೆ.

ಹಳೇ ಡ್ರೈವರುಗಳದ್ದು ಇನ್ನೊಂದು ಚಾಳಿ: ಆಫ್ ಮಾಡುವ ಮುಂಚೆ ಒಮ್ಮೆ ಜೋರಾಗಿ ರೇಸ್ ಕೊಟ್ಟು ಕೀ ತಿರುಗಿಸುವುದು. ಟರ್ಬೊಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಚಕ್ರವನ್ನು ವೇಗಕ್ಕೇರಿಸಿ ಅದೇ ಗಳಿಗೆಯಲ್ಲಿ ಆಯಿಲ್ ಕಿತ್ತುಕೊಂಡ ಹಾಗೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ರೇಸ್ ಕೊಡುವುದೂ ಅಷ್ಟೇ ಕೆಡುಕು, ಆಯಿಲ್ ಚೇಂಬರಿನಿಂದ ಟರ್ಬೊದ ನೆತ್ತಿಗೆ ಏರಲು ಕೆಲವು ಸೆಕೆಂಡು ಬೇಕು. ನಾನು ಸ್ಟಾರ್ಟ್ ಮಾಡಿ, ಸೀಟ್ ಬೆಲ್ಟ್ ಹಾಕಿಕೊಂಡು, ಕನ್ನಡಿ ಸರಿ ಮಾಡಿಕೊಂಡು ಹೊರಡುತ್ತೇನೆ. ಅಷ್ಟು ಸಾಕು. ಮೊದಲ ಒಂದೆರಡು ಕಿಲೋಮೀಟರ್ ಮೆಲ್ಲಗೆ.

ಈ ಕಷ್ಟವನ್ನು ರೈಲ್ವೆ ಎಷ್ಟು ಗಂಭೀರವಾಗಿ ತೆಗೆದುಕೊಂಡಿದೆ ಎಂದು ನೋಡಬೇಕಾದರೆ ಹುಬ್ಬಳ್ಳಿಯ ಡೀಸೆಲ್ ಲೋಕೊ ಶೆಡ್ಡಿನ ಡಬ್ಲ್ಯೂಡಿಜಿ-4 ಎಂಜಿನ್‌ಗಳಿವೆ. ಹದಿನಾರು ಸಿಲಿಂಡರು, 4,000 ಅಶ್ವಶಕ್ತಿ, ಟು ಸ್ಟ್ರೋಕ್. ಟು ಸ್ಟ್ರೋಕ್ ಡೀಸೆಲ್ಲಿಗೆ ಗಾಳಿ ಊದುವವರು ಮೊದಲಿನಿಂದಲೇ ಬೇಕು. ಹಾಗಾಗಿ ಶುರುವಿನಲ್ಲಿ ಟರ್ಬೊವನ್ನು ಎಂಜಿನ್ನೇ ಗೇರಿನ ಮೂಲಕ ತಿರುಗಿಸುತ್ತದೆ. ಲೋಡ್ ಏರಿ ಹೊಗೆಗೆ ಬಲ ಬಂದಮೇಲೆ ಒಂದು ಕ್ಲಚ್ಚು ಗೇರನ್ನು ಬಿಡಿಸುತ್ತದೆ, ಸೈಕಲ್ಲಿನ ಫ್ರೀವೀಲ್ ಇದ್ದ ಹಾಗೆ. ನನಗೆ ಇಷ್ಟವಾದದ್ದು ಇದಲ್ಲ. ಅದರಲ್ಲಿ ಟರ್ಬೊಗೆಂದೇ ಕರೆಂಟಿನಲ್ಲಿ ಓಡುವ ಬೇರೆ ಆಯಿಲ್ ಪಂಪು ಇದೆ. ಎಂಜಿನ್ ಸ್ಟಾರ್ಟ್ ಆಗುವ ಮುಂಚೆ ಟರ್ಬೊಗೆ ಆಯಿಲ್ ಉಣಿಸುತ್ತದೆ. ಎಂಜಿನ್ ನಿಂತ ಮೇಲೂ ಸುಮಾರು ಅರ್ಧ ಗಂಟೆ ಆಯಿಲ್ ಹರಿಸುತ್ತಾ ಟರ್ಬೊದ ಕಾವನ್ನು ಇಳಿಸುತ್ತದೆ.

ನಮ್ಮ ಕಾರಿನಲ್ಲಿ ಆ ಪಂಪಿನ ಕೆಲಸ ನಾವೇ ಮಾಡಬೇಕು. ಎಷ್ಟು ಹೊತ್ತು ಅನ್ನುವುದರಲ್ಲಿ ಮಾತ್ರ ಅತಿ ಬೇಡ. ಊರೊಳಗೆ ಟ್ರಾಫಿಕ್ಕಿನಲ್ಲಿ ಮೆಲ್ಲಗೆ ಬಂದು ಮನೆ ಮುಂದೆ ನಿಲ್ಲಿಸಿದಿರಾದರೆ ಟರ್ಬೊ ಆಗಲೇ ತಣ್ಣಗಿರುತ್ತದೆ, ಗೇಟು ತೆಗೆಯುವಷ್ಟು ಹೊತ್ತು ಸಾಕು. ಘಾಟಿ ಹತ್ತಿ ಬಂದಾಗ ಅಥವಾ ಹೈವೇಯಲ್ಲಿ ಒಂದೇ ಸಮ ಓಡಿಸಿ ಡಾಬಾ ಮುಂದೆ ನಿಲ್ಲಿಸಿದಾಗ ಮಾತ್ರ ಒಂದೆರಡು ನಿಮಿಷ ಎಂಜಿನ್ ಸುಮ್ಮನೆ ಓಡಲಿ, ಆಕ್ಸಿಲರೇಟರ್ ಮುಟ್ಟಬೇಡಿ. ಕೊನೆಯ ಒಂದು ಕಿಲೋಮೀಟರನ್ನು ನಿಧಾನಕ್ಕೆ ಓಡಿಸುವುದು ಇನ್ನೂ ಒಳ್ಳೆಯದು. ಈಗಿನ ಪೆಟ್ರೋಲ್ ಟರ್ಬೊಗಳಲ್ಲಿ ಬಹುಪಾಲಿಗೆ ಆಯಿಲಿನ ಜೊತೆ ಕೂಲೆಂಟೂ ಹರಿಯುತ್ತದೆ. ಎಂಜಿನ್ ನಿಂತಮೇಲೂ ಬಿಸಿ ನೀರು ಮೇಲೇರಿ ತಣ್ಣೀರು ಕೆಳಗಿಳಿದು ತಾನಾಗಿ ಕಾವು ಇಳಿಯುತ್ತದೆ. ಕೆಲವದರಲ್ಲಿ ಆಫ್ ಮಾಡಿದ ಮೇಲೂ ಪಂಪು ಗುಂಯ್ ಅನ್ನುತ್ತಿರುತ್ತದೆ. ಅದು ತೊಂದರೆಯಲ್ಲ, ಅದರ ಕೆಲಸ.

ಯಾವ ಆಯಿಲ್? ಬ್ರ್ಯಾಂಡಿನ ಜಗಳಕ್ಕೆ ನಾನಿಲ್ಲ. ಕಾರಿನ ಮ್ಯಾನುಯಲ್ಲಿನಲ್ಲಿ 5ಡಬ್ಲ್ಯೂ-30 ಎಂಬಂಥ ದಪ್ಪದ ಅಂಕಿ ಇರುತ್ತದೆ, ಅದರ ಪಕ್ಕದಲ್ಲಿ ಎಪಿಐ ಅಥವಾ ಎಸಿಇಎ ಎಂಬ ಗುಣಮಟ್ಟದ ಗುರುತು ಇರುತ್ತದೆ. ಡಬ್ಬಿಯ ಮೇಲೆ ಎರಡೂ ಹೊಂದಬೇಕು. "ಗಾಡಿ ಹಳೇದಾಯ್ತು, ದಪ್ಪ ಆಯಿಲ್ ಹಾಕಿ" ಅನ್ನುವ ಸಲಹೆಗೆ ಟರ್ಬೊ ಕಾರಿನವರು ಕಿವಿಗೊಡಬಾರದು. ದಪ್ಪ ಆಯಿಲ್ ತಣ್ಣಗಿರುವಾಗ ಟರ್ಬೊ ತಲುಪುವುದೇ ತಡ. ಬದಲಾಯಿಸುವ ಗಡುವನ್ನು ದಾಟಿಸಬೇಡಿ. ಘಾಟಿ, ಧೂಳು, ನಾಲ್ಕು ನಾಲ್ಕು ಕಿಲೋಮೀಟರಿನ ಓಡಾಟ ಹೆಚ್ಚಿದ್ದರೆ ಇನ್ನೂ ಮುಂಚೆಯೇ ಬದಲಾಯಿಸಿ, ಫಿಲ್ಟರ್ ಸಮೇತ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಡೀಸೆಲ್‌ಗಳವರಿಗೆ ಇನ್ನೊಂದು ಮಾತು. ಹೊಗೆಯ ಮಸಿ ಹಿಡಿಯುವ ಫಿಲ್ಟರನ್ನು ಸುಟ್ಟು ತೆರವು ಮಾಡಲು ಎಂಜಿನ್ ಆಗಾಗ ಹೆಚ್ಚುವರಿ ಡೀಸೆಲ್ ಬಿಡುತ್ತದೆ. ಅದು ಮುಗಿಯುವ ಮುಂಚೆ ಪದೇಪದೇ ಆಫ್ ಮಾಡುತ್ತಿದ್ದರೆ ಒಂದಿಷ್ಟು ಡೀಸೆಲ್ ಸಿಲಿಂಡರಿನ ಗೋಡೆ ಹಿಡಿದು ಚೇಂಬರಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕಡಿಮೆಯಾಗುವ ಬದಲು ಏರಿದ್ದರೆ, ಮೂಗಿಗೆ ಹಿಡಿದಾಗ ಡೀಸೆಲ್ ವಾಸನೆ ಬಂದರೆ, ಆ ನೀರಾದ ಆಯಿಲ್ ಶಾಫ್ಟನ್ನು ತೇಲಿಸಲಾರದು. ಬದಲಾಯಿಸಿ.

ಟರ್ಬೊ ಹೇಳದೆ ಕೇಳದೆ ಸಾಯುವುದು ಕಡಿಮೆ. ಏರುಧ್ವನಿಯ ಸಿಳ್ಳೆ, ಒಂದು ವೇಗದ ಮೇಲೆ ಮುಗ್ಗರಿಸುವ ಪಿಕಪ್, ತಿಂಗಳಿಗೆ ಅರ್ಧ ಲೀಟರ್ ಆಯಿಲ್ ಕಾಣೆ. ಕಪ್ಪು ಹೊಗೆಯಾದರೆ ಗಾಳಿ ಸಾಲುತ್ತಿಲ್ಲ. ಎಷ್ಟೋ ಸಲ ಅದು ಇಂಟರ್‌ಕೂಲರಿನ ಹೋಸ್ ಸೀಳಿದ್ದು, ಒಂದು ಕ್ಲಿಪ್ಪಿನ ಕೆಲಸ. ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ. ಗಾಳಿಯ ಹೋಸಿನೊಳಗೆ ಬೆರಳಿಗೆ ಅಂಟುವಷ್ಟು ಜಿಡ್ಡಿದ್ದರೆ ಗಾಬರಿ ಬೇಡ, ಬ್ರೀದರ್ ಮೂಲಕ ಬರುವ ಆವಿ ಅದು. ಹೋಸ್ ಬಗ್ಗಿಸಿದಾಗ ಆಯಿಲ್ ಸುರಿದರೆ ಗಾಬರಿ ಆಗಬೇಕು.

ಯಾಕೆಂದರೆ ಡೀಸೆಲ್ ಎಂಜಿನ್ ಹಾಗೆ ಒಳಬಂದ ಆಯಿಲನ್ನೇ ಇಂಧನ ಮಾಡಿಕೊಂಡು ಓಡಬಲ್ಲದು. ಕೀ ತೆಗೆದರೂ ನಿಲ್ಲುವುದಿಲ್ಲ, ತಾನಾಗಿ ಚೀರುತ್ತಾ ವೇಗ ಏರಿಸಿಕೊಳ್ಳುತ್ತದೆ, ಹಿಂದೆ ಬಿಳಿ-ನೀಲಿ ಹೊಗೆಯ ಗೋಡೆ. ಗೇರಿನ ಕಾರಾದರೆ ಕ್ಲಚ್ ಒತ್ತಿ, ಎಲ್ಲಕ್ಕಿಂತ ಮೇಲಿನ ಗೇರಿಗೆ ಹಾಕಿ, ಬ್ರೇಕನ್ನು ಬಲವಾಗಿ ತುಳಿದು ಕ್ಲಚ್ ಬಿಡಬೇಕು. ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಆಗದಿದ್ದರೆ ಎಲ್ಲರನ್ನೂ ಇಳಿಸಿ ದೂರ ಸರಿಯಿರಿ. ಬಾನೆಟ್ ಎತ್ತಿ ಕೈ ಹಾಕಲು ಹೋಗಬೇಡಿ. ಇಲ್ಲಿಯವರೆಗೆ ಬರಬಾರದು ಅಂತಲೇ ನೀಲಿ ಹೊಗೆ ಮತ್ತು ಸೈರನ್ ಎರಡೂ ಒಟ್ಟಿಗೆ ಬಂದ ಕೂಡಲೇ ಬದಿಗೆ ನಿಲ್ಲಿಸಿ ಆಫ್ ಮಾಡಬೇಕು. ಒಂದೆರಡು ನಿಮಿಷ ಓಡಲಿ ಅನ್ನುವ ಮಾತು ಆಗ ಅನ್ವಯಿಸುವುದಿಲ್ಲ.

ಟರ್ಬೊ ಬದಲಾಯಿಸಲೇಬೇಕಾಗಿ ಬಂದರೆ ಗ್ಯಾರೇಜಿನಲ್ಲಿ ಮೊದಲು ಬೆಲೆ ಕೇಳಬೇಡಿ, ಹಳೆಯದು ಯಾಕೆ ಹೋಯಿತು ಅಂತ ಕೇಳಿ. "ಕಿಲೋಮೀಟರ್ ಆಯ್ತಲ್ಲ ಸಾರ್" ಅಂದರೆ ಎದ್ದು ಬನ್ನಿ. ಆಯಿಲ್ ಹೋಗುವ ಪೈಪು ಮತ್ತು ಬೋಲ್ಟುಗಳು ಹೊಸವು ಬೇಕು, ತೊಳೆದರೆ ಸಾಲದು. ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಹೊಸವು. ವಾಪಸಿನ ಪೈಪು, ಬ್ರೀದರ್, ಇಂಟರ್‌ಕೂಲರ್ ಬಿಚ್ಚಿ ಕ್ಲೀನ್ ಆಗಬೇಕು. ಹಳೇ ಚಕ್ರದ ಚೂರು ಇಂಟರ್‌ಕೂಲರಿನಲ್ಲಿ ಉಳಿದಿದ್ದರೆ ಎಂಜಿನ್ನಿಗೇ ಕುತ್ತು. ಪೈಪು ಕೂರುವಲ್ಲಿ ಗ್ಯಾಸ್ಕೆಟ್ ಇರಲಿ, ಸಿಲಿಕಾನ್ ಪೇಸ್ಟ್ ಬೇಡ. ಹಿಂಡಿ ಬಂದ ಪೇಸ್ಟಿನ ಒಂದು ಕಾಳು ಆ ಸಣ್ಣ ದಾರಿಯನ್ನು ಮುಚ್ಚಬಲ್ಲದು.

ಸಕಲೇಶಪುರದಲ್ಲಿ ಭಾಯ್ ಹೊಸ ಟರ್ಬೊವನ್ನು ಕೂರಿಸುವ ಮುಂಚೆ ಸಿರಿಂಜಿನಲ್ಲಿ ಆಯಿಲ್ ತುಂಬಿ ನೆತ್ತಿಯ ತೂತಿಗೆ ಹನಿಸಿದರು, ಬೆರಳಿನಿಂದ ಚಕ್ರ ತಿರುಗಿಸಿದರು, ಮತ್ತೆ ಹನಿಸಿದರು. ಎಲ್ಲ ಬಿಗಿದ ಮೇಲೂ ವಾಪಸಿನ ಪೈಪು ಮಾತ್ರ ಸಿಕ್ಕಿಸಲಿಲ್ಲ. ಅದರ ಬಾಯಿಯ ಕೆಳಗೆ ಅರ್ಧ ಕತ್ತರಿಸಿದ ನೀರಿನ ಬಾಟಲಿ ಹಿಡಿದು, ಡೀಸೆಲ್ ಹೋಗದಂತೆ ಒಂದು ಕನೆಕ್ಟರ್ ಕಳಚಿ, "ಕೀ ಕೊಡಿ ಸಾರ್, ಸ್ಟಾರ್ಟ್ ಆಗಲ್ಲ, ಸುಮ್ನೆ ತಿರುಗ್ಸಿ" ಅಂದರು. ಐದು ಸೆಕೆಂಡು ತಿರುಗಿಸಿದೆ, ಬಿಟ್ಟೆ, ಮತ್ತೆ ತಿರುಗಿಸಿದೆ. ಬಾಟಲಿ ಖಾಲಿಯೇ ಇತ್ತು. ನಾಲ್ಕನೇ ಸಲಕ್ಕೆ ಗುಳುಗುಳು ಅಂತ ನೊರೆ ಬಂತು, ಹಿಂದೆಯೇ ಜೇನಿನ ಬಣ್ಣದ ಧಾರೆ. ಭಾಯ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, "ಈಗ ಪೈಪ್ ಹಾಕಣ" ಅಂದರು.